ಮೂಲೆಯಿಲ್ಲದ ಮನೆಗೆ ನೆಲ ಹಾಕಿದ ನಂಜಮ್ಮ

ನಂಜಮ್ಮನವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ನೆಲವನ್ನು. ಮನೆಯವರ ಮುಖ ಆಮೇಲೆ. ಚಪ್ಪಲಿ ಗೇಟಿನಲ್ಲೇ ಬಿಟ್ಟು ಬಂದು, ಕಾಲಿನ ಹೆಬ್ಬೆರಳಿನಿಂದ ಎರಡು ಸಲ ಉಜ್ಜಿ ತೀರ್ಪು ಕೊಡುತ್ತಿದ್ದರು. ನಮ್ಮ ಹೊಸ ಮನೆಯ ಟೈಲ್ಸಿಗೆ ಸಿಕ್ಕಿದ ತೀರ್ಪು: "ಆಸ್ಪತ್ರೆ ಇದ್ದಂಗೈತೆ."

ಕುಮಾರಸ್ವಾಮಿ ಲೇಔಟ್ ಆಗುವ ಮೊದಲು ಅಲ್ಲಿ ಅವರ ರಾಗಿ ಹೊಲವಿತ್ತು. ನಾವು ಮನೆ ಕಟ್ಟುವ ಹೊತ್ತಿಗೆ ಅವರು ನಮ್ಮ ಬೀದಿಯಲ್ಲೇ ಐದು ಬಾಡಿಗೆ ಮನೆಗಳ ಓನರಮ್ಮ. ಮಗ ಮನೆಯಿಡೀ ಗ್ರಾನೈಟ್ ಹಾಕಿಸಿದ್ದರಿಂದ ಅವರಿಗೆ ಸಾರಿಸಲು ಒಂದು ಗೇಣು ಮಣ್ಣೂ ಉಳಿದಿರಲಿಲ್ಲ.

ಆಸ್ಪತ್ರೆ ಎಂದದ್ದೂ ತಪ್ಪಲ್ಲ. ಪೇಂಟಿನ ವಾಸನೆಗೆ ನನ್ನ ಹೆಂಡತಿ ಶೈಲಜಾಳಿಗೆ ಉಸಿರು ಕಟ್ಟುತ್ತಿತ್ತು. ಗೃಹಪ್ರವೇಶವಾದ ಮೂರನೇ ದಿನ ಕತ್ರಿಗುಪ್ಪೆಯ ಅಕ್ಕನ ಮನೆ ಸೇರಿದವಳು ಮೂರು ತಿಂಗಳಾದರೂ ಹಿಂದಿರುಗಲಿಲ್ಲ. ಅವಳಿಲ್ಲದ ಮನೆಯಲ್ಲಿ ನನಗೂ ಉಸಿರು ಕಟ್ಟುತ್ತಿತ್ತು.

ಆಗ ಪತ್ರಿಕೆಯೊಂದರಲ್ಲಿ ಯರ್ಟ್ ಕಂಡೆ. ದೂರದ ಹುಲ್ಲುಗಾವಲಿನ ಕುರಿಗಾಹಿಗಳ ದುಂಡನೆಯ ಡೇರೆಮನೆ ಅದು, ಪೇಂಟಿನ ಗೊಡವೆಯೇ ಇಲ್ಲ. ಹಿತ್ತಿಲಲ್ಲಿ ಬಿದಿರಿನ ಜಾಲರಿ ಕಟ್ಟಿ, ಹತ್ತಿಯ ಕ್ಯಾನ್ವಾಸ್ ಹೊದಿಸಿ, ವಾರ್ನಿಷ್ ಬದಲು ಜೇನುಮೇಣ ತಿಕ್ಕಿದೆ. ನೆತ್ತಿಯಲ್ಲಿ ಬೆಳಕಿಗೊಂದು ದುಂಡು ಕಿಂಡಿ. ಬೀದಿಯವರು ಸರ್ಕಸ್ ಯಾವಾಗ ಎಂದು ಕೇಳಿದರು.

ಮಣ್ಣಿನ ನೆಲ ಮಾತ್ರ ನನ್ನ ಕೈಲಾಗಲಿಲ್ಲ. ಎರಡು ಸಲ ಬಿರುಕುಬಿಟ್ಟ ಮೇಲೆ ನಂಜಮ್ಮನವರು ಕರೆಯದೆಯೇ ಬಂದರು. ಒಳಗೆಲ್ಲ ಕಣ್ಣಾಡಿಸಿ, "ಏನಪ್ಪ, ಮೂಲೆನೇ ಇಲ್ವಲ್ಲ. ಕಸ ಎಲ್ ಕೂತ್ಕೊಬೇಕು?" ಎಂದರು. ಉತ್ತರಕ್ಕೆ ಕಾಯದೆ ಸೆರಗು ಸಿಕ್ಕಿಸಿದರು.

ಕೆಮ್ಮಣ್ಣು, ಮರಳು, ಕತ್ತರಿಸಿದ ರಾಗಿಹುಲ್ಲು ಕಲಸಿ, ಮರದ ಕೊರಡಿನಿಂದ ಬಡಿದು, ನುಣ್ಣನೆಯ ಕಲ್ಲಿನಿಂದ ಉಜ್ಜುವುದರಲ್ಲಿ ಹತ್ತು ದಿನ ಹೋಯಿತು. ಪತ್ರಿಕೆಯಲ್ಲಿ ಹೇಳಿದ್ದರೆಂದು ಮೇಲೆ ಬಳಿಯಲು ಅಗಸೆ ಎಣ್ಣೆಯ ಡಬ್ಬ ತಂದಿದ್ದೆ. ನಂಜಮ್ಮ ಮುಚ್ಚಳ ತೆಗೆದು ಮೂಸಿ, ಡಬ್ಬವನ್ನು ಗೇಟಿನಾಚೆ ಇಟ್ಟು ಬಂದರು. "ಬೇಗ ಒಣಗ್ಲಿ ಅಂತ ಇನ್ನೇನೋ ಸೇರಿಸವ್ರೆ. ನಿನ್ ಹೆಂಡ್ತಿ ಕತ್ರಿಗುಪ್ಪೇಲೇ ಇರ್ಲಿ ಅಂತಿದ್ರೆ ಬಳಿ."

ಕೊನೆಯ ದಿನ ಸಗಣಿಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ ಸಾರಿಸಲು ಕೂತರು. ಐವತ್ತು ವರ್ಷ ಮೂಲೆಯಿಂದ ಶುರುಮಾಡಿ ಬಾಗಿಲಿಗೆ ಹಿಂದೆ ಸರಿದ ಕೈ ಅದು. ಇಲ್ಲಿ ಮೂಲೆಯಿಲ್ಲದ್ದರಿಂದ ಗೋಡೆ ಹಿಡಿದು ಸುತ್ತುತ್ತ ಹೋದರು. ಸುತ್ತು ಕಿರಿದಾಗುತ್ತ ಬಂದು, ಕೊನೆಗೆ ನಟ್ಟನಡುವೆ, ಮಣೆಯಷ್ಟು ಜಾಗದಲ್ಲಿ ಉಳಿದುಕೊಂಡರು. ಸುತ್ತಲೂ ಹಸಿ ನೆಲ.

ದಾಟಿ ಬನ್ನಿ, ಹೆಜ್ಜೆಗುರುತು ಆಮೇಲೆ ಅಳಿಸಿದರಾಯಿತು ಎಂದೆ. ಅವರು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಉಳಿದಿದ್ದ ಬಿದಿರು ಗಳದ ತುದಿಗೆ ಹಿಡಿಕೆಯ ಡಬ್ಬಿ ಸಿಕ್ಕಿಸಿ ಕಾಫಿ ಕಳಿಸಿದೆ. ಸಕ್ಕರೆ ಕಡಿಮೆ ಎಂದರು.

ಅಷ್ಟರಲ್ಲಿ ಹಿತ್ತಿಲ ಮನೆ ಹೇಗಾಗಿದೆ ಎಂದು ನೋಡಲು ಶೈಲಜಾ ಬಂದಳು. ಮೂಗಿಗೆ ಕರ್ಚೀಫು ಹಿಡಿದು ಹೊಸ್ತಿಲಾಚೆ ನಿಂತಳು.

"ಒಳಗ್ ಬರ್ಬೇಡ ಮಗ, ಹಸಿ ಐತೆ," ಎಂದರು ನಂಜಮ್ಮ. "ಅಲ್ಲೇ ಕೂತ್ಕೊ. ನಾನೂ ಎಲ್ಲೂ ಹೋಗಂಗಿಲ್ಲ. ಉಸ್ರಾಡು, ನೋಡಾಣ."

ಅವಳು ಹೊಸ್ತಿಲಲ್ಲಿ, ಇವರು ನಡುವೆ, ಮೂರು ಗಂಟೆ ಕೂತು ಅದೂ ಇದೂ ಮಾತಾಡಿದರು. ಕರ್ಚೀಫು ಯಾವಾಗ ಮಡಿಲಿಗೆ ಬಂತೋ ನಾನು ನೋಡಲಿಲ್ಲ. ಸಂಜೆ ನೆಲ ಒಣಗಿ ನಂಜಮ್ಮ ಎದ್ದು ಹೊರಬಂದರು, ಶೈಲಜಾ ಒಳಗೆ ಹೋದಳು. ಕತ್ರಿಗುಪ್ಪೆಗೆ ಅವಳ ಬಟ್ಟೆ ತರಲು ನಾನೊಬ್ಬನೇ ಹೋದೆ.

ನಡುವಿನ ಜಾಗವನ್ನು ನಂಜಮ್ಮ ಮಾರನೆಯ ದಿನ ಸಾರಿಸಿದರು. ಬಣ್ಣ ಹೊಂದಲಿಲ್ಲ. ಆಮೇಲಿನ ವರ್ಷಗಳಲ್ಲಿ ಯುಗಾದಿಗೆ ಮುಂಚೆ ಬಂದು, ಜಾಣತನದಿಂದ ಬಾಗಿಲಿನ ಎದುರು ಗೋಡೆಯಿಂದ ಶುರುಮಾಡಿ ಹಿಂದೆ ಸರಿಯುತ್ತಿದ್ದರು. ಹಳೆಯ ಮಾತು ಎತ್ತಿದರೆ ಕಿವಿ ಕೇಳಿಸದವರಂತೆ ಇರುತ್ತಿದ್ದರು.

ಅವರು ತೀರಿಕೊಂಡಾಗ ಅವರ ಮನೆಯ ಗ್ರಾನೈಟಿನ ಮೇಲೆ ಮಲಗಿಸಿದ್ದರು. ನೆಲ ತಣ್ಣಗಿತ್ತು. ನನಗೆ ಅಳು ಬಂತು.

ಈಗ ಶೈಲಜಾಳೇ ಸಾರಿಸುತ್ತಾಳೆ. ಗೋಡೆಯಿಂದ ಶುರುಮಾಡಿ, ಸುತ್ತಿ ಸುತ್ತಿ, ಬೇಕೆಂದೇ ನಡುವಿಗೆ ಬಂದು ಸಿಕ್ಕಿಕೊಳ್ಳುತ್ತಾಳೆ. ಒಣಗುವವರೆಗೂ ಏಳುವುದಿಲ್ಲ. ನಾನು ಗಳದ ತುದಿಗೆ ಕಾಫಿ ಸಿಕ್ಕಿಸಿ ಕಳಿಸುತ್ತೇನೆ, ಸಕ್ಕರೆ ಸ್ವಲ್ಪ ಹೆಚ್ಚು ಹಾಕಿ.