ಹೆಸರಿಲ್ಲದ ಕಾಲಂ

ಶಹಾಪುರದ ಒಂದು ಸಣ್ಣ ಕಣ್ಣಾಸ್ಪತ್ರೆಯಲ್ಲಿ ಕೆಲವು ವರ್ಷ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದಾಗಿತ್ತು. ರೋಗಿಗಳ ದಾಖಲೆಗಳೆಲ್ಲ ಇದ್ದ ಡೇಟಾಬೇಸ್ ತುಂಬ ಹಳೆಯ ಆವೃತ್ತಿಯದು. ಅದನ್ನು ಮಾಡಿದ ಕಂಪನಿಯೇ ಅದರ ದುರಸ್ತಿ ನಿಲ್ಲಿಸಿತ್ತು. ಹೊಸ ಆವೃತ್ತಿಗೆ ಹೋಗಬೇಕೋ, ಇನ್ನಷ್ಟು ದಿನ ಇದರಲ್ಲೇ ನಡೆಸಬೇಕೋ ಎಂಬುದನ್ನು ದೊಡ್ಡ ಡಾಕ್ಟರು ನನಗೇ ಬಿಟ್ಟಿದ್ದರು. ಹೋಗುವುದೇ ಸರಿ ಎಂದು ತೀರ್ಮಾನಿಸಿದೆ. ಆ ತೀರ್ಮಾನದ ಬಗ್ಗೆ ಇವತ್ತಿಗೂ ನನಗೆ ಅನುಮಾನವಿಲ್ಲ. ಕೊರಗು ಬೇರೆಯದು.

ದಾಖಲೆ ಕೋಣೆಯಲ್ಲಿ ಕೂರುತ್ತಿದ್ದವರು ಸುರಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಂಗಸು. ನನಗಿಂತ ಬಹಳ ದೊಡ್ಡವರು, ಅಕ್ಕಾ ಎನ್ನುತ್ತಿದ್ದೆ. ಬದಲಾವಣೆಯ ಸುದ್ದಿ ಕೇಳಿದ ದಿನ ಅವರು ಒಂದೇ ಮಾತು ಹೇಳಿದರು: "ಬದಲ್ ಮಾಡ್ರಿ ಸರ್, ಬ್ಯಾಡ ಅನ್ನಲ್ಲ. ಅದಕ್ಕ ಮೊದಲ ಒಂದು ದಿನ ನನ್ನ ಬಾಜೂಕ ಕೂತು ನಾ ಹ್ಯಾಂಗ ಕೆಲಸ ಮಾಡ್ತೀನಂತ ನೋಡ್ರಿ."

ನೋಡುತ್ತೇನೆ ಎಂದೆ. ಕೂರಲಿಲ್ಲ. ಅವರಿಗೆ ಹೊಸದರ ಅಂಜಿಕೆ, ಅದಕ್ಕೇ ದಿನ ದೂಡುತ್ತಿದ್ದಾರೆ ಅಂದುಕೊಂಡೆ. ಒಂದು ಭಾನುವಾರ ಎಲ್ಲವನ್ನೂ ಹೊಸ ಆವೃತ್ತಿಗೆ ಸಾಗಿಸಿದೆ. ಹಳೆಯ ಪಟ್ಟಿಯ ಕೊನೆಯಲ್ಲಿ ಹೆಸರಿಲ್ಲದ ಒಂದು ಕಾಲಂ ಇತ್ತು. ತೆರೆದು ನೋಡದೆ ಅದೊಂದನ್ನು ಹೊಸದಕ್ಕೆ ತರದೆ ಬಿಟ್ಟೆ. ಹೆಸರು, ವಯಸ್ಸು, ಊರು, ಆಪರೇಷನ್ ಎಲ್ಲ ತಾಳೆಯಾದವು. ಕೆಲವು ವಾರ ಬಿಟ್ಟು ಹಳೆಯ ಡಿಸ್ಕನ್ನೂ ಅಳಿಸಿದೆ.

ಮುಂದೆ ಗುರುಮಠಕಲ್ ಕಡೆಯ ಒಬ್ಬ ಮುದುಕಿ ಎರಡನೆಯ ಕಣ್ಣಿನ ಆಪರೇಷನ್‌ಗೆ ಬಂದರು. ಅವತ್ತು ಅಕ್ಕ ರಜೆಯಲ್ಲಿದ್ದರು. ನರ್ಸ್ ಹನಿ ಹಾಕುವಾಗ ಮುದುಕಿ ತೆಲುಗಿನಲ್ಲಿ ಏನೋ ಹೇಳುತ್ತಲೇ ಇದ್ದರಂತೆ, ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಮುಖ ಬಾತು ಎರಡೂ ಕಣ್ಣು ಮುಚ್ಚಿಹೋದವು. ಆ ಹನಿ ಅವರಿಗೆ ಆಗಿಬರುತ್ತಿರಲಿಲ್ಲ.

ಮರುದಿನ ಅಕ್ಕ ಬಂದು ಮುದುಕಿಯನ್ನು ನೋಡಿದವರು ನೇರ ನನ್ನ ಬಳಿ ಬಂದರು. "ಬರದಿಟ್ಟಿದ್ನಲ್ರಿ ಸರ್, ಕಡೀ ಕಾಲಂನ್ಯಾಗ," ಎಂದರು. ಹಳೆಯ ತಂತ್ರಾಂಶದಲ್ಲಿ ಔಷಧದ ಕಾಲಂನಲ್ಲಿ ಜಾಗ ಸಾಲದೆ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ವರ್ಷಗಟ್ಟಲೆ ಅಲ್ಲಿ ತುಂಬಿಸಿದ್ದರು: ಯಾರಿಗೆ ಯಾವ ಹನಿ ಆಗದು, ಯಾರಿಗೆ ಕಿವಿ ಕೇಳಿಸದು, ಬಳಿಚಕ್ರ ಊರಿನ ಯಾವ ಅಜ್ಜನನ್ನು ಜೊತೆಗೆ ಮಗಳು ಬಂದರಷ್ಟೇ ಒಳಗೆ ಕರೆಯಬೇಕು.

ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ಏನಾಯಿತು ಎಂದು ಕೇಳಿದಾಗ, ಔಷಧದ ಕಾಲಂನಲ್ಲಿ ಅದನ್ನು ಬರೆದಿರಲಿಲ್ಲ ಎಂದೆ. ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಿದೆ. ಡಾಕ್ಟರು ಅಕ್ಕನ ಕಡೆ ತಿರುಗಿ, ಬರೆಯುವಲ್ಲಿ ಬರೆಯಬೇಕಲ್ಲ ಎಂದು ಗದರಿದರು. ಅಕ್ಕ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ "ಹೌದ್ರಿ ಸರ್" ಎಂದರು.

ಮುದುಕಿ ಗುಣವಾಗಿ ಊರಿಗೆ ಹೋದರು. ಹೊಸ ಆವೃತ್ತಿಯಲ್ಲಿ ನಾನು 'ವಿಶೇಷ ಸೂಚನೆ' ಎಂಬ ಕಾಲಂ ಸೇರಿಸಿದೆ, ಡಾಕ್ಟರು ಒಳ್ಳೆಯ ಯೋಚನೆ ಎಂದು ಹೊಗಳಿದರು. ಅಕ್ಕ ನೆನಪಿದ್ದಷ್ಟನ್ನು ಅದರಲ್ಲಿ ಮತ್ತೆ ತುಂಬಿದರು. ಬಂದ ಹಳೆಯ ರೋಗಿಗಳನ್ನು ಕೂರಿಸಿಕೊಂಡು ಮೊದಲಿಂದ ಕೇಳಿದರು. ಆ ಬೇಸಿಗೆಯಲ್ಲಿ, ಬಸ್ಸಿನ ಓಡಾಟಕ್ಕೆ ಮೊಣಕಾಲು ತಡೆಯುತ್ತಿಲ್ಲ ಎಂದು ಹೇಳಿ ಕೆಲಸ ಬಿಟ್ಟರು.

ಈಗ ನಾನು ಯಾದಗಿರಿಯಲ್ಲಿದ್ದೇನೆ. ಹೋದ ವರ್ಷ ಸುರಪುರಕ್ಕೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಚಹಾ ಕೊಟ್ಟು, ಗುರುಮಠಕಲ್‌ನ ಆ ಮುದುಕಿ ಮತ್ತೆ ತಪಾಸಣೆಗೆ ಬಂದಿದ್ದರೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

"ಅವತ್ತು ತಪ್ಪು ನಂದಿತ್ರಿ ಅಕ್ಕಾ," ಎಂದೆ. "ಡಾಕ್ಟರ್ ಮುಂದ ನಾ ಹೇಳಬೇಕಿತ್ತು."

ಅವರು ಮೊರದಿಂದ ಕಣ್ಣೆತ್ತಲಿಲ್ಲ. "ಆವಾಗ ಹೇಳಿದ್ರ ಚಲೋ ಇತ್ರಿ," ಎಂದರು. "ಆ ಮ್ಯಾಲ ನನಗ ಆ ಖೋಲ್ಯಾಗ ಕೂಡಾಕ ಮನಸ್ಸಾಗಲಿಲ್ಲ."

ಬರುವಾಗ ಬಸ್ಸು ಶಹಾಪುರದಲ್ಲಿ ಸುಮಾರು ಹೊತ್ತು ನಿಂತಿತು. ಆಸ್ಪತ್ರೆಗೆ ಅಲ್ಲಿಂದ ನಡೆದೇ ಹೋಗಬಹುದು, ಡಾಕ್ಟರು ಆ ಹೊತ್ತಿಗೆ ಇರುತ್ತಾರೆಂದೂ ಗೊತ್ತಿತ್ತು. ನಾನು ಇಳಿಯಲಿಲ್ಲ.