ಸೆಂಟ್ರಿಂಗ್ ಹೋತು

ಕಾಯ್ಕಿಣಿಯ ಒಂದು ಹೊಸ ಮನೆಗೆ ತಾರಸಿ ಹಾಕುವ ಹಿಂದಿನ ದಿನ ನನ್ನ ಗಂಡ ಹಲಗೆಯ ಮೇಲಿಂದ ಕೆಳಗೆ ಹಾರಿದರು. ಎತ್ತರ ಹೆಚ್ಚೇನಿರಲಿಲ್ಲ. ಬಲಗಾಲು ಮರಳಿನಲ್ಲಿ ಹೂತು ನಿಂತಿತು, ಮೈ ಮಾತ್ರ ಎಡಕ್ಕೆ ತಿರುಗಿತು. ಊಟದ ಡಬ್ಬಿ ಹಿಡಿದು ನಾನು ಎದುರಿಗೇ ಇದ್ದೆ. ಒಣಗಿದ ತೆಂಗಿನ ಗರಿಯ ದಂಟು ಮುರಿದಂಥ ಸದ್ದು ಬಂತು. ಆಮೇಲೆ ಡಾಕ್ಟರು ಸದ್ದು ಕೇಳಿಸಿತೇ ಎಂದಾಗ ಇವರು ಇಲ್ಲ ಎಂದರು. ನಾನು ಹೌದು ಎಂದೆ.

"ಎಂತ ಆಗ್ಲಿಲ್ಲ, ಡಬ್ಬಿ ಅಲ್ಲಿಡು," ಎನ್ನುತ್ತ ಎದ್ದರು. ಒಂದು ಹೆಜ್ಜೆ ಇಟ್ಟರು. ಇನ್ನೊಂದಕ್ಕೆ ಮಂಡಿ ಪಕ್ಕಕ್ಕೆ ಸರಿಯಿತು. ಅಲ್ಲೇ ಕುಳಿತು ಪೂರ್ತಿ ಊಟ ಮಾಡಿದರು. ಸಾರಿಗೆ ಉಪ್ಪು ಕಡಿಮೆ ಎಂದರು.

ಇವರದು ಸೆಂಟ್ರಿಂಗ್ ಕೆಲಸ. ತಾರಸಿಯ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಹಲಗೆ, ಗಾಳಿಮರದ ಕಂಬಗಳನ್ನು ಕಟ್ಟುವುದು, ಗಟ್ಟಿಯಾದ ಮೇಲೆ ಬಿಚ್ಚುವುದು. ಬೇರೆ ಕೆಲಸ ಇವರಿಗೆ ಬಾರದು. ಹತ್ತಿ ಇಳಿಯಲು ಮಂಡಿ ಬೇಕು.

ಮಂಗಳೂರಿನ ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಮಂಡಿಯೊಳಗೆ ಮೂಳೆಗೂ ಮೂಳೆಗೂ ನಡುವೆ ಇರುವ ಹಗ್ಗದಂಥ ಕಟ್ಟು ಹರಿದಿದೆ ಎಂದು ಚಿತ್ರ ಬರೆದು ತೋರಿಸಿದರು. ಹರಿದ ತುದಿಗಳು ತಾವಾಗಿ ಕೂಡುವುದಿಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿದರೂ ಕೀಲಿನ ನೀರು ಅದನ್ನು ತೊಳೆದುಬಿಡುತ್ತದೆ. ಆದ್ದರಿಂದ ನಡುವೆ ಸ್ಪಂಜಿನಂಥ ಒಂದು ತುಂಡನ್ನಿಟ್ಟು, ಇವರದೇ ರಕ್ತ ಹೀರಿಸಿ, ತುದಿಗಳನ್ನು ಅದಕ್ಕೆ ತಾಗಿಸಿ ಹೊಲಿಯುತ್ತಾರೆ. ಹೊಸ ಕಟ್ಟು ಅದರೊಳಗೆ ಬೆಳೆಯುತ್ತದೆ. ಬೆಳೆಯುತ್ತಿದ್ದಂತೆ ಸ್ಪಂಜು ಕರಗಿಹೋಗುತ್ತದೆ. ಎಲ್ಲರಿಗೂ ಇದು ಹೊಂದುವುದಿಲ್ಲ, ಇವರಿಗೆ ಹೊಂದಬಹುದು ಎಂದರು.

"ಅಂದ್ರೆ ಸೆಂಟ್ರಿಂಗ್," ಎಂದರು ಇವರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಇವರು ಹಾಸಿಗೆಯ ಮೇಲೆ ಕುಳಿತೇ ಕೈಯಲ್ಲಿ ಕಂಬ, ಹಲಗೆ ಮಾಡಿ ತೋರಿಸಿದರು. ಡಾಕ್ಟರಿಗೆ ಆ ಮಾತು ಬಹಳ ಹಿಡಿಸಿತು. ಆಪರೇಷನ್ ಆದಮೇಲೆ ಹೋದಾಗಲೆಲ್ಲ "ಸೆಂಟ್ರಿಂಗ್ ಹೇಗಿದೆ?" ಎಂದೇ ಕೇಳುತ್ತಿದ್ದರು. ಇವರು ಹೆಮ್ಮೆಯಿಂದ "ಗಟ್ಟಿ ಅದೆ" ಎನ್ನುತ್ತಿದ್ದರು.

ಕಷ್ಟ ಶುರುವಾದದ್ದು ಆ ಮಾತಿನಿಂದಲೇ. ಮಂಡಿಯ ಸ್ಕ್ಯಾನು ಮಾಡಿಸಿದ ದಿನ ಡಾಕ್ಟರು ನಗುತ್ತ, "ನಿಮ್ಮ ಸೆಂಟ್ರಿಂಗ್ ಪೂರ್ತಿ ಹೋಯಿತು, ನೋಡಿ," ಎಂದರು.

ಕೆಲಸದವರ ನಡುವೆ ಈ ಮಾತಿಗೆ ಒಂದೇ ಅರ್ಥ. ಬಿಚ್ಚಿದರೆ "ಬಿಚ್ಚಿ ಆತು" ಎನ್ನುತ್ತಾರೆ. "ಸೆಂಟ್ರಿಂಗ್ ಹೋತು" ಎಂದರೆ ತಾರಸಿ ಕೆಳಗೆ ಬಿತ್ತು ಎಂದು. ಇವರ ಮುಖ ಬಿಳುಚಿತು. ಡಾಕ್ಟರು ಇನ್ನೂ ಏನೋ ಹೇಳಿದರು, ಚೆನ್ನಾಗಿ ಬೆಳೆದಿದೆ, ಕೋಲು ಬಿಟ್ಟು ನಡೆಯಿರಿ ಎಂದು. ಅದನ್ನು ಕೇಳಿಸಿಕೊಂಡದ್ದು ನಾನೊಬ್ಬಳೇ.

ಮನೆಗೆ ಬಂದ ಮೇಲೆ ತಿಳಿಸಿ ಹೇಳಿದೆ.

"ಅದು ಕರಗಿದ್ದು. ಬಿದ್ದದ್ದಲ್ಲ."

"ಬಿಚ್ಚಿದ್ದು ಯಾರು?"

"ಯಾರೂ ಬಿಚ್ಲಿಲ್ಲ. ತಾನೇ ಹೋಗೋದು."

"ಅದೇ ನಾ ಹೇಳೂದು. ತಾನೇ ಹೋದ್ದು ಯಾವ್ದೂ ಒಳ್ಳೇದಲ್ಲ."

ಇನ್ನೊಂದು ಹಾಕಲು ಬರುತ್ತದೋ ಕೇಳು ಎಂದರು. ನಾನು ಕೇಳಲಿಲ್ಲ. ಪಕ್ಕದ ಮನೆಯಿಂದ ಎರವಲು ತಂದ ಮರದ ಬಗಲುಕೋಲನ್ನು ಇವರು ಬಿಡಲೇ ಇಲ್ಲ. ಬಚ್ಚಲಿಗೂ ಕೋಲು, ಜಗಲಿಗೂ ಕೋಲು. ಬಲಗಾಲು ಎಡಗಾಲಿಗಿಂತ ಸಪೂರವಾಗುತ್ತ ಬಂತು. ವ್ಯಾಯಾಮ ಹೇಳಿಕೊಡುವ ಹುಡುಗಿ, ಹೀಗೇ ಆದರೆ ಹೊಸ ಕಟ್ಟು ಇದ್ದೂ ಕಾಲಿಗೆ ಬಲ ಬರುವುದಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದಳು.

ಇವರ ಜೊತೆಗಾರ ಮೇಸ್ತ್ರಿ ಕೊಂಕಣಿಯವರು. ಆಗೆಲ್ಲ ಇವರ ಹಲಗೆ, ಕಂಬಗಳನ್ನು ಅವರೇ ಒಯ್ದು ಕೆಲಸ ನಡೆಸುತ್ತಿದ್ದರು. ಒಂದು ಬೆಳಿಗ್ಗೆ ಬಂದು ಅಂಗಳದಲ್ಲೇ ನಿಂತರು.

"ವೈನಿ, ನಿಮ್ಮ ಗಂಡ ಇದ್ದಾರಾ, ಅವರೂ ಕರಗಿದ್ರಾ?"

ಒಳಗಿಂದ ಇವರು, "ಬಾಯಿ ಮುಚ್ಚು ಮಾರಾಯ," ಎಂದರು.

"ಇಲ್ಲೇ ಶಿರಾಲಿ ಮನೇದು ಇವತ್ತು ಬಿಚ್ಚೂದು. ಹಲಗೆ ನಿಂದು. ಬಾ."

ಹಲಗೆ ಯಾರದೋ ಮೊದಲ ಕಂಬವನ್ನು ಅವರೇ ತೆಗೆದು, ತಾರಸಿಯ ಅಡಿಗೆ ಮೊದಲು ಅವರೇ ನಿಲ್ಲಬೇಕು. ಆಮೇಲೆ ಉಳಿದವರು. ನಮ್ಮ ಕಡೆಯ ಸೆಂಟ್ರಿಂಗಿನವರು ಇದನ್ನು ಮೀರುವುದಿಲ್ಲ. ಇವರು ಬೇಡ ಎನ್ನಲಾರದೆ ಹೊರಟರು. ಆ ಮನೆ ನಮ್ಮ ಮನೆಯಿಂದ ಕೂಗಳತೆ ದೂರ. ನಾನೂ ಹೋದೆ. ಬೀಳುವುದಾದರೆ ಈ ಸಲವೂ ನೋಡಿರಬೇಕು ಎನಿಸಿತು.

ಒಳಗೆ ಕಂಬಗಳ ಕಾಡು. ಇವರು ತಾರಸಿಯ ನಟ್ಟನಡುವಿನ ಕಂಬದ ಹತ್ತಿರ ಹೋಗಿ, ಅದನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟರು. ಕೋಲನ್ನು ಪಕ್ಕದ ಕಂಬಕ್ಕೆ ಒರಗಿಸಿದರು. ಎರಡೂ ಕೈಯಲ್ಲಿ ಸುತ್ತಿಗೆ ಹಿಡಿದು ಬುಡಕ್ಕೆ ಹೊಡೆದರು. ಕಂಬ ಸಡಿಲಾಗಿ ಓರೆಯಾಯಿತು. ತಲೆಯ ಮೇಲೆ ಸ್ವಲ್ಪ ಪುಡಿ ಉದುರಿತು. ತಾರಸಿ ಇದ್ದಲ್ಲೇ ಇತ್ತು. ಇವರು ಅದರ ಅಡಿಗೆ ಕಾಲು ಅಗಲಿಸಿ ನಿಂತು ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಮಂಡಿಯನ್ನು ನೋಡುತ್ತಿದ್ದೆ.

"ಹ್ಞಾಂ, ಆತು," ಎಂದರು.

ಆಮೇಲೆ ಉಳಿದವರು ನುಗ್ಗಿದರು. ಕಂಬ, ಹಲಗೆ ಎಲ್ಲ ಹೊರಗೆ ಬಂದು ಟೆಂಪೊ ಏರಿದವು. ಟೆಂಪೊ ಹೊನ್ನಾವರದ ಕೆಲಸಕ್ಕೆ ಹೊರಟುಹೋಯಿತು. ಮನೆಗೆ ಹೊರಡುವಾಗ ಇವರು ಅತ್ತಿತ್ತ ನೋಡಿದರು.

"ನನ್ನ ಕೋಲು?"

ಮೇಸ್ತ್ರಿ ರಸ್ತೆಯ ಕಡೆ ನೋಡಿದರು. "ಅದೂ ಒಂದು ಕಂಬ ಅಂತ ಹುಡುಗ್ರು ಹಾಕಿರ್ಬೇಕು."

"ಎರವಲು ತಂದದ್ದು ಅದು," ಎಂದೆ ನಾನು.

ಇವರು ಒಮ್ಮೆ ತಮ್ಮ ಬಲಗಾಲನ್ನು ನೋಡಿಕೊಂಡರು. ಆಮೇಲೆ ನನ್ನ ಹೆಗಲು ಹಿಡಿದರು. ಗೇಟು ದಾಟಿದ ಮೇಲೆ ಅದನ್ನೂ ಬಿಟ್ಟರು. ಬಲಗಾಲನ್ನು ಹೊಸ ತಾರಸಿಯ ಮೇಲೆ ಇಡುವಂತೆ ಇಟ್ಟು, ನಿಂತು, ಮತ್ತೆ ಇಟ್ಟರು. ನಾನು ಹಿಂದಿನಿಂದ ಕಿವಿಗೊಟ್ಟು ನಡೆದೆ. ಚಪ್ಪಲಿಯ ಸದ್ದು ಬಿಟ್ಟರೆ ಮತ್ತೇನೂ ಕೇಳಿಸಲಿಲ್ಲ.