ಬಿಳಿ ಅಂಗಿಯ ಮಗು

೧೯೯೭ರಲ್ಲಿ ನಾನು ಚಿತ್ರದುರ್ಗದಿಂದ ತಂದ ಕ್ಯಾಲೆಂಡರಿನಲ್ಲಿ ಒಂದು ಹೆಸರಾಂತ ಫ್ರೆಂಚ್ ಚಿತ್ರವಿತ್ತು. ಭಾನುವಾರದ ಬಿಸಿಲು, ಹೊಳೆಯ ದಂಡೆ, ಕೊಡೆ ಹಿಡಿದು ಆರಾಮಾಗಿ ನಿಂತ ಜನ. ಜವನಗೊಂಡನಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ನನ್ನ ದೊಡ್ಡವ್ವ ಬರಗೇರಮ್ಮನಿಗೆ ಅದನ್ನು ತೋರಿಸಿದೆ.

"ಎಷ್ಟು ನೆಮ್ಮದಿಯಾಗವ್ರೆ ನೋಡು, ದೊಡ್ಡವ್ವ."

"ನೆಮ್ಮದಿ ಎಲ್ಲೈತಪ್ಪ? ಕುರಿ ಎಲ್ಲಾ ಒಂದೇ ಕಡೆ ಮುಖ ಮಾಡಿ ನಿಂತ್ರೆ ಅಲ್ಲಿ ತೋಳ ಐತೆ ಅಂತ್ಲೇ. ಇವ್ರೆಲ್ಲಾ ನೀರನ್ನೇ ನೋಡ್ತಾವ್ರೆ."

ನನಗೆ ರೇಗಿತು. ಆಮೇಲೆ ನೆನಪಾಯಿತು: ಅವಳ ಪುಟ್ಟ ಮಗಳು ಕೆರೆಯಲ್ಲಿ ಮುಳುಗಿಹೋದ ದಿನ ಏರಿಯ ಮೇಲೆ ಊರೆಲ್ಲ ಹೀಗೇ ನಿಂತಿತ್ತು.

ಚಿತ್ರದ ನಡುವೆ ಬಿಳಿ ಅಂಗಿಯ ಮಗುವೊಂದು ಮಾತ್ರ ನೇರವಾಗಿ ನಮ್ಮನ್ನು ನೋಡುತ್ತದೆ. ದೊಡ್ಡವ್ವ ಅದರ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಳು. ವರ್ಷ ಮುಗಿದರೂ ತನ್ನ ಮನೆಯ ಗೋಡೆಯಿಂದ ಕ್ಯಾಲೆಂಡರ್ ಇಳಿಸಲಿಲ್ಲ. ಕುರಿ ಹೊಡೆದುಕೊಂಡು ಹೊರಡುವಾಗ, "ಆ ಕಡೆ ತಿರುಗಬ್ಯಾಡ, ನನ್ನೇ ನೋಡ್ತಿರು ಕೂಸೇ," ಎನ್ನುತ್ತ ಹೊಸ್ತಿಲವರೆಗೂ ಹಿಂದ್ಹಿಂದಕ್ಕೇ ಹೆಜ್ಜೆ ಇಡುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಆ ಚಿತ್ರ ನನ್ನ ಮನೆಗೆ ಬಂತು. ಬಿಸಿಲಿನ ಬಣ್ಣವೆಲ್ಲ ಮಾಸಿದೆ, ಕಾಡಿಗೆ ಮಾಸಿಲ್ಲ. ಬಾಗಿಲು ದಾಟುವಾಗ ಆ ಮಗುವಿಗೆ ಬೆನ್ನು ಮಾಡಲು ನನಗೂ ಧೈರ್ಯ ಬರುವುದಿಲ್ಲ.